ಪುಷ್ಪಕುಂಜದ ಕೂಗದ ಕೋಳಿಗಳು

ನಾಗವೇಣಿ ಕೋಳಿ ಆರಿಸುವಾಗ ಬಣ್ಣ ನೋಡುತ್ತಿರಲಿಲ್ಲ, ತೂಕ ನೋಡುತ್ತಿರಲಿಲ್ಲ, ಜುಟ್ಟು ನೆಟ್ಟಗಿದೆಯೇ ಬಾಗಿದೆಯೇ ಎಂದೂ ನೋಡುತ್ತಿರಲಿಲ್ಲ. ಎರಡೂ ರೆಕ್ಕೆ ಸೇರಿಸಿ ಹಿಡಿದು ಎತ್ತಿ, ಕಂಕುಳಿಗೆ ಒತ್ತಿಕೊಂಡು ಅರ್ಧ ನಿಮಿಷ ಸುಮ್ಮನೆ ನಿಲ್ಲುತ್ತಿದ್ದಳು. ಕಿರುಚಾಡಿದ್ದನ್ನು ಅಲ್ಲೇ ಕೆಳಗೆ ಬಿಡುವುದು, ಕುರ್ರ್ ಎಂದು ಗೊಣಗಿ ಸುಮ್ಮನಾದದ್ದನ್ನು ಬುಟ್ಟಿಗೆ ಹಾಕುವುದು. ಅಷ್ಟೇ ಪರೀಕ್ಷೆ. ಮಾರುವವನು ಇದು ಕಡಕ್‌ನಾಥ್, ಇದು ಅಸೀಲ್, ಇದು ದಿನ ಬಿಡದೆ ಮೊಟ್ಟೆ ಇಡುವ ಜಾತಿ ಎಂದು ಎಷ್ಟೇ ಹೊಗಳಲಿ, ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಈ ವಿದ್ಯೆ ಅವಳ ಅವ್ವನದು. ಶಿರಾ ಕಡೆಯ ಹಳ್ಳಿಯಲ್ಲಿ ಅವರ ಹಿತ್ತಿಲಿಗೂ ಪಕ್ಕದ ಹಿತ್ತಿಲಿಗೂ ನಡುವೆ ಇದ್ದದ್ದು ಒಂದು ಕಳ್ಳಿಬೇಲಿ. ಮೊಟ್ಟೆ ಇಟ್ಟ ಕೂಡಲೆ ಕೊಕ್ಕೊಕ್ಕೋ ಎಂದು ಅರಚುವ ಕೋಳಿ, ಮೊಟ್ಟೆ ಎಲ್ಲಿದೆ ಎಂದು ಪಕ್ಕದವಳಿಗೆ ತಾನೇ ಕರೆದು ತೋರಿಸಿದ ಹಾಗೆ. ಅವ್ವ ಎದ್ದು ಬರುವಷ್ಟರಲ್ಲಿ ಮೊಟ್ಟೆ ಬೇಲಿ ದಾಟಿರುತ್ತಿತ್ತು. ಆದ್ದರಿಂದ ಅವ್ವ ಒಂದು ಕಟ್ಟುಪಾಡು ಮಾಡಿಕೊಂಡಿದ್ದಳು. "ಕೂಗೋದನ್ನ ಇಟ್ಕಬ್ಯಾಡ ಕಣವ್ವ. ಅದು ಹಬ್ಬಕ್ಕೆ. ಸುಮ್ಕಿರೋದನ್ನ ಕಾವಿಗೆ ಕೂರ್ಸು." ಹೀಗೆ ಅಜ್ಜಿಯ ಕಾಲದಿಂದ ಗಲಾಟೆಯವು ಕುಡುಗೋಲಿಗೆ ಹೋಗಿ, ಸುಮ್ಮನಿದ್ದವು ಮರಿ ಮಾಡಿ, ಕೊನೆಗೆ ಆ ಹಿತ್ತಿಲಲ್ಲಿ ಉಳಿದದ್ದು ಗಿಡ್ಡ ಕಾಲಿನ, ದಪ್ಪ ಪುಕ್ಕದ, ಮೊಟ್ಟೆ ಇಟ್ಟು ಸದ್ದಿಲ್ಲದೆ ಎದ್ದು ಹೋಗುವ ಒಂದು ಕೋಳಿ ಕುಲ. ಯಾವ ವಿಶ್ವವಿದ್ಯಾಲಯವೂ ಅದಕ್ಕೊಂದು ಹೆಸರಿಟ್ಟು ಪೇಪರಿನಲ್ಲಿ ಫೋಟೋ ಹಾಕಿಸಲಿಲ್ಲ. ಹೆಂಗಸರು ಹಿತ್ತಿಲಲ್ಲಿ ಮಾಡಿದ ಕೆಲಸವನ್ನು ಯಾರು ತಾನೇ ಲೆಕ್ಕಕ್ಕೆ ಇಟ್ಟಿದ್ದಾರೆ?

ನಾಗವೇಣಿ ಮದುವೆಯಾಗಿ ವಡೋದರಾಕ್ಕೆ ಬಂದಾಗ ಅವಳಿಗೆ ಇಪ್ಪತ್ತು. ಗಂಡ ದೊಡ್ಡಣ್ಣ ಕೊಯಾಲಿಯ ರಿಫೈನರಿಯಲ್ಲಿ ಆಪರೇಟರು. ಮೊದಲ ಸಲ ತವರಿಗೆ ಹೋಗಿ ಹಿಂದಿರುಗುವಾಗ ಅವಳು ಒಂದು ತಗಡಿನ ಡಬ್ಬಿಗೆ ರಾಗಿ ತುಂಬಿ, ರಾಗಿಯೊಳಗೆ ಹನ್ನೆರಡು ಮೊಟ್ಟೆ ಹೂತು ರೈಲು ಹತ್ತಿದಳು. ಡಬ್ಬಿ ಅಲುಗದಂತೆ ಮಗುವನ್ನು ಕೂರಿಸಿಕೊಂಡ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಳು. ದೊಡ್ಡಣ್ಣ ದಾರಿಯುದ್ದಕ್ಕೂ ಗೊಣಗಿದ. "ಅಲ್ಲೇನ್ ಕೋಳಿ ಸಿಗಾಕಿಲ್ವಾ? ನೋಡಿದೋರು ಏನಂದ್ಕತಾರೆ?" ಈ ಎರಡನೆಯ ಪ್ರಶ್ನೆ ಅವನ ಜೀವಮಾನದ ಪ್ರಶ್ನೆ ಎಂದು ಅವಳಿಗೆ ಆಗ ಗೊತ್ತಿರಲಿಲ್ಲ.

ರಿಫೈನರಿ ಟೌನ್‌ಶಿಪ್ಪಿನ ಪಕ್ಕದ ಹಳ್ಳಿಯಲ್ಲಿ ತರಕಾರಿ ಮಾರುವವಳ ಹತ್ತಿರ ಕಾವಿಗೆ ಕೂತ ಕೋಳಿಯೊಂದನ್ನು ಎರವಲು ತಂದು ಮೊಟ್ಟೆ ಕೂರಿಸಿದಳು. ಐದು ಒಡೆದು ಮರಿಯಾದವು. ಅಲ್ಲಿಂದ ಮೂವತ್ತು ವರ್ಷ ಕ್ವಾರ್ಟರ್ಸಿನ ಹಿಂದೆ ಆ ಕುಲ ನಡೆಯಿತು. ರಕ್ತ ಒಂದೇ ಆಗಬಾರದೆಂದು ನಡುನಡುವೆ ಭರೂಚ್ ಕಡೆಯ ಅಂಕಲೇಶ್ವರದ ಹುಂಜ ತಂದು ಬಿಟ್ಟಳು. ಹುಟ್ಟಿದ ಮರಿಗಳನ್ನು ಒಂದೊಂದಾಗಿ ಕಂಕುಳಲ್ಲಿ ಹಿಡಿದು ನೋಡಿದಳು. ಕೂಗಿದ್ದು ಭಾನುವಾರದ ಸಾರಾಯಿತು. ಕೊಯ್ಯುವುದು ದೊಡ್ಡಣ್ಣನ ಕೆಲಸ, ಯಾವುದು ಎಂದು ತೋರಿಸುವುದು ಇವಳ ಕೆಲಸ. ಟೌನ್‌ಶಿಪ್ಪಿನಲ್ಲಿ ಎಡಕ್ಕೆ ಬಂಗಾಳಿ, ಬಲಕ್ಕೆ ತೆಲುಗರು. ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ವಾಸನೆ ಬಂದರೆ ಬಟ್ಟಲು ಹಿಡಿದು ಬರುತ್ತಿದ್ದರು.

ದೊಡ್ಡಣ್ಣ ರಿಟೈರ್ ಆದ. ಕ್ವಾರ್ಟರ್ಸ್ ಬಿಡಬೇಕು. ಊರಿಗೆ ಹೋಗೋಣ ಎಂದರೆ ಅವನು ಒಪ್ಪಲಿಲ್ಲ; ಮಗಳು ಮೇದಿನಿಯ ಕೆಲಸ, ಗಂಡ, ಮನೆ ಎಲ್ಲ ಸೂರತ್‌ನಲ್ಲಿ, ಇಲ್ಲೇ ಇದ್ದರೆ ಹತ್ತಿರ ಎಂದ. ಅದು ನಿಜವೇ. ಆದರೆ ಮನೆ ಹುಡುಕಲು ಹೊರಟರೆ ಬ್ರೋಕರು ಕೋಣೆ ಎಷ್ಟು ಬೇಕು ಎಂದು ಕೇಳುವುದಕ್ಕೆ ಮೊದಲು ಕೇಳುತ್ತಿದ್ದದ್ದು ಒಂದೇ: ವೆಜ್ಜಾ, ನಾನ್‌ವೆಜ್ಜಾ? ನಿಜ ಹೇಳಿದ ಮೂರು ಕಡೆ ಮನೆ ಆಗಲೇ ಮಾರಿ ಹೋಗಿದೆ ಎಂಬ ಉತ್ತರ ಸಿಕ್ಕಿತು. ನಾಲ್ಕನೆಯ ಕಡೆ, ಗೋರ್ವಾದ ಪುಷ್ಪಕುಂಜ ಸೊಸೈಟಿಯಲ್ಲಿ, ಹಿಂದೆ ಒಂದು ಚೂರು ಹಿತ್ತಿಲಿದ್ದ ಒಂಬತ್ತನೇ ನಂಬರಿನ ಮನೆ ನೋಡುವಾಗ ದೊಡ್ಡಣ್ಣ ಬಾಯಿ ತೆರೆದ. "ನಾವು ಪ್ಯೂರ್ ವೆಜ್. ಈರುಳ್ಳಿ ಕೂಡ ವಾರಕ್ಕೆ ಎರಡೇ ದಿನ."

ಈರುಳ್ಳಿಯ ಮಾತನ್ನು ಯಾರೂ ಕೇಳಿರಲಿಲ್ಲ. ಸುಳ್ಳು ಹೇಳುವುದೇ ಆದರೆ ಧಾರಾಳವಾಗಿ ಹೇಳಬೇಕು ಎಂಬ ಜಾತಿ ಅವನು. ನಾಗವೇಣಿಗೆ ನಗು ಬಂತು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಸೊಸೈಟಿಯ ಸೆಕ್ರೆಟರಿ ಕಿರೀಟ್‌ಭಾಯಿಗೆ ಅದು ನಾಚಿಕೆಯಂತೆ ಕಂಡು, ಒಳ್ಳೆ ಸಂಸ್ಕಾರದ ಮನೆಯವರು ಎಂದುಕೊಂಡ.

ಸಾಮಾನು ಸಾಗಿಸಿದ ದಿನ ಟೆಂಪೋದಿಂದ ಕೊನೆಗೆ ಇಳಿದದ್ದು ಕೋಳಿ ಬುಟ್ಟಿ. ಹುಂಜವನ್ನು ಹಳ್ಳಿಯ ತರಕಾರಿಯವಳಿಗೆ ಕೊಟ್ಟು ಐದು ಹೇಂಟೆಗಳನ್ನಷ್ಟೇ ಅವಳು ತಂದಿದ್ದಳು. ಇಷ್ಟು ವರ್ಷದ ಕುಲದಲ್ಲಿ ಒಳ್ಳೆಯವೆಂದು ಆರಿಸಿ ಉಳಿಸಿಕೊಂಡ ಐದು. ಮುಂದೆ ಆ ಹುಂಜವನ್ನು ನಾಲ್ಕು ದಿನಕ್ಕೆ ತಂದು ಬಿಟ್ಟುಕೊಂಡರೆ ಮರಿ ಮಾಡಿಸಬಹುದು ಎಂಬ ಯೋಚನೆ. ಕಿರೀಟ್‌ಭಾಯಿ ಬುಟ್ಟಿಯೊಳಗೆ ಬಗ್ಗಿ ನೋಡಿದ. ಅವನ ಹುಬ್ಬು ಮೇಲೇರಿತು. ದೊಡ್ಡಣ್ಣ ಹೇಳಿದ: "ಕಸಾಯಿಯಿಂದ ಬಿಡಿಸಿಕೊಂಡು ಬಂದದ್ದು, ಭಾಯಿ. ಇವಳಿಗೆ ನೋಡಲಾಗಲಿಲ್ಲ."

ಕಿರೀಟ್‌ಭಾಯಿ ಎರಡೂ ಕೈ ಜೋಡಿಸಿದ. ನಾಗವೇಣಿಗೆ ಅಲ್ಲ, ಬುಟ್ಟಿಗೆ. "ಮತ್ತೆ ಮೊಟ್ಟೆ?" ಎಂದು ಅವನ ಹೆಂಡತಿ ಹಿಂದಿನಿಂದ ಕೇಳಿದಳು. "ಇಡುವ ವಯಸ್ಸು ದಾಟಿದೆ," ಎಂದ ದೊಡ್ಡಣ್ಣ.

ಆ ಐದರಲ್ಲಿ ನಾಲ್ಕು ಆ ವಾರವೇ ಮೊಟ್ಟೆ ಇಡುತ್ತಿದ್ದವು.

ಹೀಗೆ ಆ ಸೊಸೈಟಿಯಲ್ಲಿ ಅವರ ಬಾಳು ಶುರುವಾಯಿತು. ಭಾನುವಾರ ಬಾಯಿ ಚಪಲ ತೀರಿಸಲು ಫತೇಗಂಜಿನ ಒಂದು ಸಣ್ಣ ಹೋಟೆಲು, ಹಾಸ್ಟೆಲ್ ಹುಡುಗರ ನಡುವೆ ಗೋಡೆಗೆ ಮುಖ ಮಾಡಿ ಕೂತು ಉಣ್ಣುವುದು. ಮನೆಯಲ್ಲಿ ಬೆಳಗ್ಗೆ ಮೊಟ್ಟೆ ಬೇಯಿಸಿ ತಿಂದು, ಚಿಪ್ಪನ್ನು ಒಣಗಿಸಿ ಪುಡಿ ಮಾಡಿ ಕೋಳಿಗೇ ಹಾಕುವುದು. ಕಸದ ಬುಟ್ಟಿಯಲ್ಲಿ ಒಂದು ಚೂರೂ ಸಿಗುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಉಪಕಾರ ಕೋಳಿಗಳದ್ದೇ. ಬೇರೆ ಯಾವ ಕೋಳಿಯಾಗಿದ್ದರೂ ಮೊಟ್ಟೆ ಇಟ್ಟು ಅರಚಿ ದೊಡ್ಡಣ್ಣನ ಸುಳ್ಳನ್ನು ಮೊದಲ ದಿನವೇ ಬೀದಿಗೆ ಹಾಕುತ್ತಿತ್ತು. ಇವು ಎದ್ದು, ಮೈ ಕೊಡವಿ, ತೊಟ್ಟಿಯ ನೀರು ಕುಡಿದು ಹೋಗುತ್ತಿದ್ದವು. ನಾಗವೇಣಿ ಅವುಗಳನ್ನು ನೋಡಿ ಮನಸ್ಸಿನಲ್ಲೇ ಅವ್ವನನ್ನು ನೆನೆಯುತ್ತಿದ್ದಳು. ಆ ಹಿತ್ತಿಲಲ್ಲಿ ಮಾತ್ರ ಅವಳು ಯಾವ ವೇಷವೂ ಇಲ್ಲದೆ ಕೂರುತ್ತಿದ್ದಳು. ಆ ಐದು ಹೋದರೆ ತನ್ನದು ಎಂದು ಹೇಳಿಕೊಳ್ಳಲು ಈ ಊರಿನಲ್ಲಿ ಇನ್ನೇನೂ ಇಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಎದುರು ಮನೆಯ ಸ್ಮಿತಾಬೆನ್ ಒಳ್ಳೆಯವಳು. ಇದನ್ನು ಮೊದಲೇ ಹೇಳಿಬಿಡಬೇಕು. ಒಳ್ಳೆಯವಳಾಗಿಲ್ಲದಿದ್ದರೆ ಈ ಕಥೆ ಇಷ್ಟು ಕೆಡುತ್ತಿರಲಿಲ್ಲ. ಐವತ್ತು ದಾಟಿದ ಜೈನ ಹೆಂಗಸು, ಬೆಳಗ್ಗೆ ದೇರಾಸರಿಗೆ, ಅಂದರೆ ಅವರ ಬಸದಿಗೆ, ಹೋಗಿ ಬಂದು ನಾಯಿಗೆ ರೊಟ್ಟಿ, ಇರುವೆಗೆ ಹಿಟ್ಟು, ಪಾರಿವಾಳಕ್ಕೆ ಜೋಳ ಹಾಕಿದ ಮೇಲೆ ತಾನು ಬಾಯಿಗೆ ನೀರು ಹಾಕುವವಳು. ಕಸಾಯಿಯಿಂದ ಬಿಡಿಸಿದ ಕೋಳಿಗಳ ಸುದ್ದಿ ಕೇಳಿ ಡಬ್ಬಿ ತುಂಬ ಸಜ್ಜೆ ಹಿಡಿದು ಬಂದಳು. ಹಿತ್ತಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕಾಳು ಎರಚಿದಳು. "ವೇಣಿಬೆನ್, ನೀವು ಹೋದ ಜನ್ಮದಲ್ಲಿ ದೊಡ್ಡ ಪುಣ್ಯ ಮಾಡಿದ್ದೀರಿ," ಎಂದಳು. ನಾಗವೇಣಿ ನಕ್ಕು ಚಹಾ ಮಾಡಲು ಒಳಗೆ ಹೋದಳು.

ಆ ವರ್ಷದ ಪರ್ಯೂಷಣ ಹಬ್ಬದಲ್ಲಿ ಸ್ಮಿತಾಬೆನ್ ಎಂಟು ದಿನ ಬರೀ ಬಿಸಿನೀರಿನ ಮೇಲೆ ಉಪವಾಸವಿದ್ದಳು. ಉಪವಾಸ ಮುಗಿದ ಮೂರನೇ ದಿನ ರಿಕ್ಷಾವೊಂದು ಒಂಬತ್ತನೇ ನಂಬರಿನ ಗೇಟಿಗೆ ಬಂದು ನಿಂತಿತು. ಒಳಗೆ ಸ್ಮಿತಾಬೆನ್, ಅವಳ ಕಾಲ ಬಳಿ ಎರಡು ಪಂಜರ. ಒಂದರಲ್ಲಿ ನಾಲ್ಕು ಬಿಳಿ ಬ್ರಾಯ್ಲರ್, ಇನ್ನೊಂದರಲ್ಲಿ ಉದ್ದ ಕಾಲಿನ ಕೆಂಪು ಹುಂಜ. ಹಬ್ಬದಲ್ಲಿ ಜೀವ ಬಿಡಿಸುವುದು ಅವರ ಕಡೆಯ ಪದ್ಧತಿ. ಕಟುಕರ ಅಂಗಡಿಗೆ ಹೋಗಿ ಕೊಂಡು ಬಿಡಿಸಿಕೊಂಡು ಬಂದಿದ್ದಳು. ಕೆನ್ನೆ ಇಳಿದಿತ್ತು, ಕಣ್ಣು ಹೊಳೆಯುತ್ತಿತ್ತು. "ಎಲ್ಲಿ ಬಿಡಲಿ ಎಂದು ಯೋಚನೆಯೇ ಇರಲಿಲ್ಲ. ನೀವಿದ್ದೀರಲ್ಲ!"

ನಾಗವೇಣಿ ದೊಡ್ಡಣ್ಣನ ಮುಖ ನೋಡಿದಳು. ದೊಡ್ಡಣ್ಣ ಆಗಲೇ ಪಂಜರ ಇಳಿಸಲು ಕೈ ಹಾಕಿದ್ದ.

"ಬ್ಯಾಡ ಅನ್ರೀ," ಎಂದಳು ಕನ್ನಡದಲ್ಲಿ, ಮುಖದ ಮೇಲೆ ನಗು ಇಟ್ಟುಕೊಂಡೇ.

"ಬ್ಯಾಡ ಅಂದ್ರೆ ಆ ಐದು ಯಾಕೆ ಬೇಕಾಯ್ತು ಅಂತಾರೆ. ಸುಮ್ಕಿರು," ಎಂದ ಅವನೂ ನಗುತ್ತಲೇ.

ಸ್ಮಿತಾಬೆನ್‌ಗೆ ಅವರಿಬ್ಬರೂ ಸಂತೋಷ ಹಂಚಿಕೊಳ್ಳುತ್ತಿರುವಂತೆ ಕಂಡಿರಬೇಕು.

ಬ್ರಾಯ್ಲರ್ ಎಂದರೆ ಏನು ಎಂದು ಸ್ಮಿತಾಬೆನ್‌ಗೆ ಹೇಗೆ ಗೊತ್ತಾಗಬೇಕು? ಆರು ವಾರಕ್ಕೆ ಕೊಯ್ಯಲೆಂದೇ ಮಾಡಿದ ಜಾತಿ ಅದು. ಏಳನೇ ವಾರ ಬದುಕುವುದು ಅದಕ್ಕೆ ಕಲಿಸಿಯೇ ಇಲ್ಲ. ತಿನ್ನುತ್ತಲೇ ಇರುತ್ತದೆ, ಮೈ ಊದುತ್ತಲೇ ಇರುತ್ತದೆ, ಕಾಲು ಆ ಭಾರ ಹೊರುವುದಿಲ್ಲ. ತಿಂಗಳು ಕಳೆಯುವುದರೊಳಗೆ ಎರಡು ಬ್ರಾಯ್ಲರ್‌ಗಳು ಎದೆಯ ಮೇಲೆ ತೆವಳತೊಡಗಿದವು. ಎದೆಯ ಪುಕ್ಕ ಉದುರಿ ಚರ್ಮ ಕೆಂಪಾಗಿ ಹುಣ್ಣಾಯಿತು. ನಾಗವೇಣಿ ಅರಿಶಿನ ಹಚ್ಚಿದಳು, ಹುಲ್ಲು ಹಾಸಿದಳು, ನೀರಿನ ಬಟ್ಟಲು ಬಾಯಿಗೆ ಹಿಡಿದಳು. ಒಂದು ಬೆಳಗ್ಗೆ ಒಂದರ ಕಾಲು ಮುರಿದೇ ಹೋಗಿತ್ತು. ಅವಳು ಅಡುಗೆಮನೆಯಿಂದ ಚಾಕು ತಂದು ಗಂಡನ ಮುಂದೆ ಇಟ್ಟಳು.

"ಇದನ್ನ ಮುಗಿಸ್ರೀ. ನೋಡಕ್ಕಾಗ್ತಿಲ್ಲ ನಂಗೆ."

"ಹುಚ್ಚು ಹಿಡಿದೈತಾ? ಈ ಮನೇಲಿ? ಕಿರೀಟ್‌ಭಾಯಿ ಬಾಲ್ಕನಿಯಿಂದ ನಮ್ ಹಿತ್ಲು ಪೂರಾ ಕಾಣ್ತದೆ."

"ಹಂಗಾರೆ ನೀವೇ ಹೋಗಿ ಅದರ ಪಕ್ಕ ಕೂತ್ಕಳಿ."

ಅವನು ಕೂರಲಿಲ್ಲ, ಪೇಪರು ಹಿಡಿದು ಮುಂದಿನ ಕೋಣೆಗೆ ಹೋದ. ಆ ಬ್ರಾಯ್ಲರ್ ಸಾಯಲು ಹನ್ನೊಂದು ದಿನ ಹಿಡಿಯಿತು. ಸ್ಮಿತಾಬೆನ್ ದಿನಾ ಬಂದು ಅದರ ಪಕ್ಕ ಮಂತ್ರ ಹೇಳಿದಳು. ಸತ್ತಾಗ ಶಾಂತಿಯಿಂದ ಹೋಯಿತು ಎಂದಳು. ನಾಗವೇಣಿಗೆ ಅವಳ ಕೆನ್ನೆಗೆ ಹೊಡೆಯಬೇಕು ಎನ್ನಿಸಿತು, ಅವಳ ತೊಡೆಯ ಮೇಲೆ ತಲೆಯಿಟ್ಟು ಅಳಬೇಕು ಎಂದೂ ಎನ್ನಿಸಿತು. ಎರಡನ್ನೂ ಮಾಡದೆ ಗುಂಡಿ ತೋಡಿದಳು.

ಹುಂಜದ್ದು ಇನ್ನೊಂದು ಕಥೆ. ಅದು ಕಾಳಗದ ಜಾತಿಯದ್ದು, ಎದೆ ಉಬ್ಬಿಸಿ ಕತ್ತು ನೀಳ ಮಾಡಿ ಕೂಗಿದರೆ ಸೊಸೈಟಿಯ ಕೊನೆಯ ಮನೆಯ ಕಿಟಕಿಯವರೆಗೆ ಕೇಳುತ್ತಿತ್ತು. ಹುಂಜ ಕತ್ತು ಚಾಚದಿದ್ದರೆ ಪೂರಾ ಕೂಗಲಾರದು. ಅದು ಗೊತ್ತಿದ್ದ ನಾಗವೇಣಿ ತಗ್ಗು ಪೆಟ್ಟಿಗೆಯೊಂದನ್ನು ಮಾಡಿಸಿ ಕತ್ತಲಾದ ಮೇಲೆ ಅದರಲ್ಲಿ ಕೂಡಿ ಗೋಣಿ ಹೊದಿಸುತ್ತಿದ್ದಳು. ಕೂಗು ಅರ್ಧಕ್ಕೆ ಇಳಿಯಿತು. ಒಂದು ಹುಂಜವಾದರೆ ಹೀಗೆ ನಿಭಾಯಿಸಬಹುದಿತ್ತು. ಆದರೆ ಸುದ್ದಿ ವಾಟ್ಸ್ಯಾಪಿನಲ್ಲಿ ಹರಡಿ, ಪುಷ್ಪಕುಂಜದಲ್ಲಿ ಒಬ್ಬರು ಮದ್ರಾಸಿ ಬೆನ್ ಕೋಳಿಗಳನ್ನು ಕಾಪಾಡುತ್ತಾರೆ ಎಂದು ಅಕ್ಕಪಕ್ಕದ ಸೊಸೈಟಿಯವರೂ ಬಂದರು. ಒಬ್ಬರು ಹುಟ್ಟುಹಬ್ಬಕ್ಕೆ, ಒಬ್ಬರು ತಂದೆಯ ತಿಥಿಗೆ, ಒಬ್ಬರು ಮಗನ ಪರೀಕ್ಷೆ ಪಾಸಾದದ್ದಕ್ಕೆ. ಕಿರೀಟ್‌ಭಾಯಿಯೂ ಒಂದು ಹುಂಜ ತಂದು, ಅದರೊಂದಿಗೆ ನಿಂತು ಫೋಟೋ ತೆಗೆಸಿಕೊಂಡ. ಮುಂದಿನ ಪರ್ಯೂಷಣ ಬರುವ ಹೊತ್ತಿಗೆ ಆ ಚೂರು ಹಿತ್ತಿಲಲ್ಲಿ ನಾಲ್ಕು ಹುಂಜ, ಒಂಬತ್ತು ಬ್ರಾಯ್ಲರ್. ಒಂದು ಕೂಗಿದರೆ ಉಳಿದ ಮೂರು ಬಿಡುತ್ತಿರಲಿಲ್ಲ. ನಾಗವೇಣಿ ತನ್ನ ಐದನ್ನು ಜಾಲರಿ ಹಾಕಿ ಒಂದು ಮೂಲೆಗೆ ಬೇರೆ ಮಾಡಿದಳು. ಆ ಅರಚುವ ರಕ್ತ ತನ್ನವಕ್ಕೆ ಸೇರಬಾರದು ಎಂಬ ಹಟ. ಔಷಧಿ ಅಂಗಡಿಯಿಂದ ಕೊಕ್ಕರೆ ರೋಗದ ಲಸಿಕೆ ತಂದು ಬಂದವಕ್ಕೆಲ್ಲ ಹನಿ ಹಾಕಿದಳು. ಆದರೆ ಯಾವ ಅಂಗಡಿಯ ಯಾವ ರೋಗ ಹೊತ್ತು ಬಂದಿವೆಯೋ ಎಂದು ದಿನವೂ ಪ್ರಾಣ ಕೈಯಲ್ಲಿ ಹಿಡಿದಿದ್ದಳು.

ಈ ಮದ್ರಾಸಿ ಬೆನ್‌ನ ಗಂಡನಿಗೆ ಮಾತ್ರ ಅದು ಸುಗ್ಗಿಯ ಕಾಲ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಇವನನ್ನು ಕರೆಯದ ಊರಿನವರ ಮನೆಗಳಿಂದ ಕರೆ ಬರುತ್ತಿತ್ತು. ಸೊಸೈಟಿಯ ಕಮಿಟಿಗೆ ದೊಡ್ಡಣ್ಣನನ್ನು ಸೇರಿಸಿಕೊಂಡಿದ್ದರು. ಜೀವದಯೆಯ ಮೇಲೆ ಎರಡು ಮಾತು ಆಡಿ ಎಂದರೆ ಇವನು ನಿಂತು ಆಡುತ್ತಿದ್ದ. ಹಿಂದಿನ ದಿನ ಫತೇಗಂಜಿನಲ್ಲಿ ಬೆರಳು ನೆಕ್ಕಿದ ಬಾಯಿ ಅದೇ.

ದೂರು ಮೊದಲು ಬಂದದ್ದು ವಾಟ್ಸ್ಯಾಪಿನಲ್ಲಿ. ಹುಂಜಗಳ ಕೂಗಿನಿಂದ ನಿದ್ದೆ ಇಲ್ಲ, ಮಕ್ಕಳ ಓದು ಕೆಡುತ್ತಿದೆ. ಬರೆದವರಲ್ಲಿ ಇಬ್ಬರು ಕೋಳಿ ತಂದು ಬಿಟ್ಟವರೇ. ಕಿರೀಟ್‌ಭಾಯಿ ಭಾನುವಾರ ಸಂಜೆ ಸೊಸೈಟಿಯ ಬಯಲಾದ ಕಾಮನ್ ಪ್ಲಾಟಿನಲ್ಲಿ ಮೀಟಿಂಗ್ ಕರೆದ. ಪ್ಲಾಸ್ಟಿಕ್ ಕುರ್ಚಿ ಹಾಕಿ ಮೂವತ್ತು ಜನ ಸೇರಿದರು. ನವರಾತ್ರಿಗೆ ಒಂಬತ್ತು ದಿನ ಎದೆ ಅದುರುವ ಹಾಗೆ ಸ್ಪೀಕರ್ ಹಾಕುವ ಜಾಗ ಅದೇ. ಆದರೆ ಅದು ಗದ್ದಲವಲ್ಲ, ಅದನ್ನು ನಾಗವೇಣಿಯೂ ಗದ್ದಲ ಎಂದು ಹೇಳುವ ಹಾಗಿಲ್ಲ.

"ಯಾರದೂ ತಪ್ಪಿಲ್ಲ," ಎಂದ ಕಿರೀಟ್‌ಭಾಯಿ ಮೆತ್ತಗೆ. "ವೇಣಿಬೆನ್ ಬಹಳ ಕಷ್ಟಪಟ್ಟಿದ್ದಾರೆ. ಇನ್ನು ಅವರಿಗೂ ವಿಶ್ರಾಂತಿ ಬೇಕು. ಊರ ಹೊರಗಿನ ಒಂದು ಪಾಂಜರಾಪೋಳದವರ ಹತ್ತಿರ ಮಾತಾಡಿದ್ದೇನೆ. ಮುದಿ ದನ, ಕುಂಟು ಕುದುರೆ, ಹಕ್ಕಿ, ಎಲ್ಲವನ್ನೂ ಸಾಯುವ ತನಕ ನೋಡಿಕೊಳ್ಳುತ್ತಾರೆ. ಬುಧವಾರ ವ್ಯಾನ್ ಬರುತ್ತದೆ."

ನಾಗವೇಣಿ ಎದ್ದು ನಿಂತಳು. ಸಭೆಯಲ್ಲಿ ಅವಳು ಮಾತಾಡಿದ್ದು ಅದೇ ಮೊದಲು. ಅವಳ ಗುಜರಾತಿ ತರಕಾರಿ ಅಂಗಡಿಯಲ್ಲಿ ಕಲಿತದ್ದು, ಲಿಂಗ ವಚನ ಅಡ್ಡಾದಿಡ್ಡಿ. "ಹುಂಜ ಒಯ್ಯಿರಿ. ಬಿಳಿಯವನ್ನೂ ಒಯ್ಯಿರಿ. ಜಾಲರಿಯೊಳಗಿನ ಐದು ಇರಲಿ. ಅವು ಕೂಗುವುದಿಲ್ಲ. ಎರಡು ವರ್ಷದಲ್ಲಿ ಯಾರಾದರೂ ಅವುಗಳ ಸದ್ದು ಕೇಳಿದ್ದರೆ ಹೇಳಿ."

ಯಾರೂ ಕೇಳಿರಲಿಲ್ಲ. ಆದರೂ ಕಿರೀಟ್‌ಭಾಯಿ ತಲೆಯಾಡಿಸಿದ. "ಬೆನ್, ಉಳಿದವಕ್ಕೆ ಒಂದು ನ್ಯಾಯ, ಐದಕ್ಕೆ ಒಂದು ನ್ಯಾಯ ಮಾಡಿದರೆ ನಾಳೆ ಇನ್ನೊಬ್ಬರು ತಂದು ಬಿಡುತ್ತಾರೆ. ಎಲ್ಲವೂ ಬಿಡಿಸಿಕೊಂಡು ಬಂದ ಜೀವವೇ. ಎಲ್ಲವೂ ಸಮ. ಅಲ್ಲವೇ, ದೊಡ್ಡಣ್ಣಭಾಯಿ?"

ನಾಗವೇಣಿ ಗಂಡನ ಕಡೆ ತಿರುಗಿದಳು. ಅವನು ಪೂರಾ ನಿಜ ಹೇಳುವುದು ಬೇಡ. ಆ ಐದು ಇವಳ ತವರಿನವು, ಬಿಡಿಸಿದ್ದಲ್ಲ, ಸಾಕಿದ್ದು ಎಂದಷ್ಟೇ ಹೇಳಿದರೆ ಸಾಕಿತ್ತು. ಅಷ್ಟಕ್ಕೆ ಆಕಾಶ ಬೀಳುತ್ತಿರಲಿಲ್ಲ.

"ಕಮಿಟಿ ಹೇಗೆ ಹೇಳುತ್ತದೋ ಹಾಗೆ," ಎಂದ ದೊಡ್ಡಣ್ಣ.

ಮನೆಗೆ ಬಂದ ಮೇಲೆ ಅವಳು ಕಿರುಚಾಡಲಿಲ್ಲ. "ಒಂದ್ ಮಾತ್ ಬಾಯಿಂದ ಉದುರಲಿಲ್ವಲ್ರೀ," ಎಂದಷ್ಟೇ ಕೇಳಿದಳು.

"ಐದ್ ಕೋಳಿಗೋಸ್ಕರ ಮನೆ ಮಾನ ಕಳ್ಕಬೇಕಾ? ಸುಳ್ಳು ಹೇಳಿ ಸೇರ್ಕಂಡ್ರು ಅಂತ ಗೊತ್ತಾದ್ರೆ ಈ ಬೀದೀಲಿ ತಲೆಯೆತ್ಕಂಡು ಓಡಾಡಕಾಗ್ತದಾ? ಬೇಕಿದ್ರೆ ಮುಂದೆ ಬೇರೆ ತರಾನ."

"ಎಲ್ಲಿಂದ ತತ್ತೀರಿ?"

ತವರಿನ ಹಿತ್ತಿಲಲ್ಲಿ ಈಗ ಅಣ್ಣನ ಮಗನ ಗ್ಯಾರೇಜಿದೆ. ತರಕಾರಿಯವಳಿಗೆ ಕೊಟ್ಟ ಹುಂಜವನ್ನು ಹೋಳಿ ಹಬ್ಬಕ್ಕೆ ಮುಂಚೆಯೇ ನಾಯಿ ಹಿಡಿದಿತ್ತು. ಉಳಿದದ್ದು ಆ ಐದೇ. ಅವಳು ಸೂರತ್‌ಗೆ ಫೋನು ಮಾಡಿ ಮಗಳ ಮುಂದೆ ಅತ್ತಳು. ಮೇದಿನಿ ಆಫೀಸಿನಲ್ಲಿದ್ದಳು. "ಅಮ್ಮಾ, ಪ್ಲೀಸ್ ಯಾರ್, ಇಷ್ಟು ಟೆನ್ಶನ್ ಯಾಕೆ ತಗೊತೀ? ಎಗ್ಸ್ ನಾನು ಇಲ್ಲಿಂದ ಆರ್ಡರ್ ಮಾಡ್ತೀನಿ ನಾ. ಬ್ರೌನ್ ಪ್ಯಾಕೆಟ್‌ನಲ್ಲಿ ಬರುತ್ತೆ, ಯಾರ್ಗೂ ಗೊತ್ತಾಗಲ್ಲ, ಕಿಸೀಕೋ ಪತಾ ನಹೀ ಚಲೇಗಾ." ಮಗಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ನಾಗವೇಣಿ ಆಯ್ತವ್ವ ಎಂದು ಫೋನಿಟ್ಟಳು.

ಬುಧವಾರ ಹತ್ತು ಗಂಟೆಗೆ ವ್ಯಾನು ಬಂತು. ಇಬ್ಬರು ಆಳುಗಳು ಪ್ಲಾಸ್ಟಿಕ್ ಕ್ರೇಟುಗಳನ್ನು ಇಳಿಸಿ ಹಿತ್ತಿಲಿಗೆ ನುಗ್ಗಿದರು. ಹುಂಜಗಳು ಬೀದಿ ಒಂದು ಮಾಡಿದವು. ಬ್ರಾಯ್ಲರ್‌ಗಳನ್ನು ಕಾಲು ಹಿಡಿದು ಎತ್ತಿ ತುಂಬಿದರು. ಅವುಗಳಲ್ಲಿ ಎರಡು ಅಂದು ಮುಂಜಾನೆಯಿಂದ ಬಾಯಿ ತೆರೆದು ಉಸಿರೆಳೆಯುತ್ತಿದ್ದವು. ಆಮೇಲೆ ಒಬ್ಬ ಜಾಲರಿ ಎತ್ತಿದ. ಐದೂ ಒಂದನ್ನೊಂದು ಒತ್ತಿಕೊಂಡು ಮೂಲೆಯಲ್ಲಿ ಕೂತಿದ್ದವು. ಅವನು ಒಂದೊಂದನ್ನೇ ಎತ್ತಿ ಅದೇ ಕ್ರೇಟಿಗೆ, ಆ ಏದುಸಿರಿನವುಗಳ ಮೇಲೆಯೇ ಹಾಕಿದ. ಒಂದೂ ಕಿಕ್ ಎನ್ನಲಿಲ್ಲ.

ಗೇಟಿನ ಹತ್ತಿರ ಸ್ಮಿತಾಬೆನ್ ದಾರಿಗೆಂದು ಸಜ್ಜೆಯ ಡಬ್ಬಿ ಹಿಡಿದು ನಿಂತಿದ್ದಳು. ಕಣ್ಣು ಒದ್ದೆಯಾಗಿತ್ತು. ನಾಗವೇಣಿ ಓಡಿ ಹೋಗಿ ಅವಳ ಕೈ ಹಿಡಿದಳು. ಈ ಬೀದಿಯಲ್ಲಿ ತನ್ನ ಮಾತು ಕೇಳುವ ಜೀವ ಇದೊಂದೇ, ನಿಜ ಹೇಳಿದರೆ ಇವಳಿಗೆ ಅರ್ಥವಾಗುತ್ತದೆ ಎಂದು ಅವಳಿಗೆ ಎಷ್ಟು ನಂಬಿಕೆ ಬಂತೆಂದರೆ, ಸ್ವರ ತಗ್ಗಿಸಿ ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಬೆನ್, ಆ ಐದು ಕಸಾಯಿಯಿಂದ ಬಂದವಲ್ಲ. ನನ್ನವು. ನನ್ನ ತಾಯಿಯ ಮನೆಯವು. ನಾವು ಸಾಕುವವರು, ತಿನ್ನುವವರು. ಕೂಗಿದ್ದನ್ನು ನಾವೇ ಕೊಯ್ದು ಕೊಯ್ದು, ಕೂಗದ್ದನ್ನು ಉಳಿಸಿಕೊಂಡದ್ದು. ಅದಕ್ಕೇ ಅವು ಅಷ್ಟು ಸುಮ್ಮನಿರುವುದು. ನಮ್ಮವರು ಹೇಳಿದ್ದೆಲ್ಲ ಸುಳ್ಳು. ಅವನ್ನು ಇಳಿಸಲು ಹೇಳಿ. ನಿಮ್ಮ ಮಾತು ಕೇಳುತ್ತಾರೆ."

ಸ್ಮಿತಾಬೆನ್ ಕೈ ಬಿಡಿಸಿಕೊಳ್ಳಲಿಲ್ಲ. ಸಿಟ್ಟು ಬರಲಿಲ್ಲ ಅವಳಿಗೆ. ಕಣ್ಣೀರು ಮಾತ್ರ ಈಗ ಕೆನ್ನೆಗೆ ಇಳಿಯಿತು.

"ಹಾಗಾದರೆ ಬೆನ್," ಎಂದಳು, "ಅವು ಹೋಗಲೇಬೇಕು."

ಆಮೇಲೆ ಮೆಲ್ಲಗೆ ಕೈ ಬಿಡಿಸಿಕೊಂಡು ವ್ಯಾನಿನ ಹತ್ತಿರ ಹೋಗಿ, ಕ್ರೇಟಿನ ಮುಚ್ಚಳ ಸರಿಯಾಗಿ ಹಾಕಿದೆಯೇ ಎಂದು ತಾನೇ ಮುಟ್ಟಿ ನೋಡಿದಳು.

ಒಂಬತ್ತನೇ ದಿನ ನಾಗವೇಣಿ ಯಾರಿಗೂ ಹೇಳದೆ ರಿಕ್ಷಾ ಮಾಡಿಕೊಂಡು ಪಾಂಜರಾಪೋಳಕ್ಕೆ ಹೋದಳು. ದೊಡ್ಡ ಜಾಗ, ಬೇವಿನ ಮರಗಳು, ದನಗಳಿಗೆ ಒಳ್ಳೆಯ ಮೇವು. ಕೋಳಿಗಳಿಗೆ ತಗಡಿನ ಒಂದು ಶೆಡ್ಡು. ನೋಡಿಕೊಳ್ಳುವ ಮುದುಕ ಅವಳನ್ನು ಒಳಗೆ ಬಿಡದೆ ಬಾಗಿಲಲ್ಲೇ ಹೇಳಿದ. ಹೊಸದಾಗಿ ಬಂದವುಗಳಿಂದ ರೋಗ ಹತ್ತಿತು. ಹಸಿರು ಭೇದಿ, ಕತ್ತು ತಿರುಚಿಕೊಳ್ಳುತ್ತಿತ್ತು. ನಾಲ್ಕು ದಿನದಲ್ಲಿ ಅರವತ್ತಕ್ಕೂ ಹೆಚ್ಚು ಹೋದವು. ಗಿಡ್ಡ ಕಾಲಿನವೇ? ಇದ್ದವು, ಅವೂ ಹೋದವು. ಸುಣ್ಣ ಹಾಕಿ ಹೂತಿದ್ದೇವೆ. "ನರಳಲು ಬಿಟ್ಟಿರೇನಪ್ಪಾ?" ಎಂದು ಕೇಳಿದಳು. ಮುದುಕನಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಆಯಸ್ಸು ಇರುವಷ್ಟು ದಿನ ನೋಡಿಕೊಂಡೆವು, ಮಾ," ಎಂದ.

ಒಂದು ಏಟಿಗೆ ಮುಗಿಸಬಹುದಿತ್ತು. ಮಂಗಳವಾರ ಸಂಜೆಯೇ, ತನ್ನ ಕೈಯಿಂದಲೇ, ಐದನ್ನೂ. ವಾಸನೆ ಬಂದರೆ ಬರಲಿ, ಬಾಲ್ಕನಿಯಿಂದ ಕಂಡರೆ ಕಾಣಲಿ ಎಂದು. ಆ ಧೈರ್ಯ ತನಗೂ ಬರಲಿಲ್ಲ, ತಾನೂ ದೊಡ್ಡಣ್ಣನ ಹೆಂಡತಿಯೇ ಆಗಿಬಿಟ್ಟೆ ಎಂಬುದು ಅವಳನ್ನು ರಿಕ್ಷಾದಲ್ಲಿ ಎಲ್ಲಕ್ಕಿಂತ ಹೆಚ್ಚು ಸುಟ್ಟಿತು. ಅವಳು ತನ್ನನ್ನೇ ಬೈದುಕೊಂಡಳು, ಗಂಡನನ್ನು ಬೈದಳು, ಸ್ಮಿತಾಬೆನ್ ಮಾಡಿದ ಎಂಟು ದಿನದ ಉಪವಾಸವನ್ನೂ ಬೈದಳು.

ಸ್ಮಿತಾಬೆನ್ ಆ ಮಾತನ್ನು ಯಾರಿಗೂ ಹೇಳಲಿಲ್ಲ. ಹೇಳುವವಳಲ್ಲ ಅವಳು. ಎದುರಾದರೆ ಮೊದಲಿನಂತೆಯೇ ಜೈ ಜಿನೇಂದ್ರ ಎನ್ನುತ್ತಾಳೆ. ಒಂಬತ್ತನೇ ನಂಬರಿನ ಗೇಟು ಮಾತ್ರ ದಾಟುವುದಿಲ್ಲ, ಆ ಮನೆಯ ನೀರು ಕುಡಿಯುವುದಿಲ್ಲ. ಹೀಗಾಗಿ ದೊಡ್ಡಣ್ಣನ ಮಾನ ಪುಷ್ಪಕುಂಜದಲ್ಲಿ ಇದ್ದ ಹಾಗೆಯೇ ಇದೆ. ಜೀವದಯೆಗಾಗಿ ಆ ವರ್ಷ ಅವನಿಗೊಂದು ಶಾಲನ್ನೂ ಹೊದ್ದಿಸಿದರು.

ಶಾಲು ಬಂದ ಮರುದಿನ ಭಾನುವಾರ. ದೊಡ್ಡಣ್ಣ ಸ್ನಾನ ಮಾಡಿ ಅಂಗಿ ಹಾಕಿಕೊಂಡು, "ಫತೇಗಂಜ್‌ಗೆ ಹೋಗ್ಬರಾನಾ? ಬಾಯೆಲ್ಲ ಸಪ್ಪೆಯಾಗೈತೆ," ಎಂದ. ನಾಗವೇಣಿ ತಟ್ಟೆ ಇಟ್ಟು ಖಿಚಡಿ ಬಡಿಸಿದಳು. ಪಕ್ಕಕ್ಕೆ ಮಜ್ಜಿಗೆ.

"ಇದೇನೇ?"

"ಊಟ. ಹತ್ತು ಜನದ ಮುಂದೆ ಪ್ಯೂರ್ ವೆಜ್ ಅಂದಿದ್ದೀರಲ್ಲ. ನನ್ ಕೋಳಿ ಕೊಟ್ಟು ಉಳಿಸ್ಕಂಡ ಮಾತು ಅದು. ಇನ್ ಮ್ಯಾಲೆ ಅದು ಸುಳ್ಳಾಗಬಾರದು. ಮೊಟ್ಟೆ, ಮಾಂಸ ಈ ಬಾಗಿಲು ದಾಟಂಗಿಲ್ಲ. ಹೊರಗೆ ಎಲ್ಲಾದ್ರೂ ತಿಂದು ಬಂದ್ರೆ, ನಾನೇ ಹೋಗಿ ಕಿರೀಟ್‌ಭಾಯಿಗೆ ಹೇಳ್ತೀನಿ. ಮೊದಲಿಂದ ಕೊನೇವರೆಗೂ ಹೇಳ್ತೀನಿ."

ಅವನು ತಮಾಷೆ ಎಂದುಕೊಂಡ. ನಾಲ್ಕು ದಿನದ ಮುನಿಸು ಎಂದುಕೊಂಡ. ಮೂರನೇ ಭಾನುವಾರ ಕದ್ದು ಹೋಗಲು ಚಪ್ಪಲಿ ಮೆಟ್ಟಿದಾಗ ಅವಳೂ ಸೆರಗು ಹೊದ್ದು ಹೊರಬಂದು, ಕಿರೀಟ್‌ಭಾಯಿಯ ಮನೆಯ ಮೆಟ್ಟಿಲವರೆಗೆ ನಡೆದು ಹೋಗಿ ಅಲ್ಲಿ ನಿಂತು ಹಿಂದಿರುಗಿ ನೋಡಿದಳು. ದೊಡ್ಡಣ್ಣ ಚಪ್ಪಲಿ ಬಿಟ್ಟು ಒಳಗೆ ಹೋದ.

ಇದಾಗಿ ಎರಡು ವರ್ಷ ಆಗುತ್ತಾ ಬಂತು. ಅವಳೂ ಮೊಟ್ಟೆ, ಮಾಂಸ ಮುಟ್ಟಿಲ್ಲ, ಅವನಿಗೂ ಮುಟ್ಟಲು ಬಿಟ್ಟಿಲ್ಲ. ಗಂಡಹೆಂಡಿರು ದಿನಾ ಎದುರುಬದುರು ಕೂತು ಬೇಳೆ, ಅನ್ನ, ರೊಟ್ಟಿ, ಬಟಾಟೆ ಪಲ್ಯ ಉಣ್ಣುತ್ತಾರೆ. ಅವನು ಉಪ್ಪು ಬೇಕು ಎಂದು ಸಹ ಕೇಳುವುದಿಲ್ಲ, ಅವಳು ಸಾಕೇ ಎಂದು ಸಹ ಕೇಳುವುದಿಲ್ಲ. ಆ ಮನೆಯಿಂದ ಸದ್ದು ಬರುತ್ತದೆ ಎಂದು ಪುಷ್ಪಕುಂಜದಲ್ಲಿ ಈಗ ಯಾರದೂ ದೂರಿಲ್ಲ.